ಉತ್ತರ 600 ಬಂದಾಗ ಮಾತ್ರ

ಅಕ್ಕನ ಮಗಳಿಗೆ ಪ್ರೊಸೆಸರ್ ಒಳಗೆ ಏನು ನಡೆಯುತ್ತದೆ ಅಂತ ತೋರಿಸಬೇಕಿತ್ತು. ನಾನು ಕಲಿತದ್ದು 8085 ಅನ್ನುವ ಹಳೆಯ ಪ್ರೊಸೆಸರಿನ ಕಿಟ್ ಮೇಲೆ, ಹೆಕ್ಸ್ ಕೀಲಿ ಒತ್ತಿ ಒತ್ತಿ. ಅದನ್ನು ಪಿಯುಸಿ ಹುಡುಗಿಯ ಮುಂದಿಡುವ ಧೈರ್ಯ ಬರಲಿಲ್ಲ. ಲಿಟ್ಲ್ ಮ್ಯಾನ್ ಕಂಪ್ಯೂಟರ್ ಹಿಡಿದೆ. ಎಂಐಟಿಯ ಸ್ಟುವರ್ಟ್ ಮ್ಯಾಡ್ನಿಕ್ 1965ರಲ್ಲಿ ಪಾಠಕ್ಕೆಂದೇ ಕಲ್ಪಿಸಿಕೊಂಡ ಯಂತ್ರ ಅದು. ಒಂದು ಕೋಣೆ, 00ರಿಂದ 99ರವರೆಗೆ ನೂರು ಪೆಟ್ಟಿಗೆ, ಒಂದು ಕ್ಯಾಲ್ಕುಲೇಟರ್, ಒಳಗೊಬ್ಬ ಕುಳ್ಳ. ಪ್ರತಿ ಪೆಟ್ಟಿಗೆಯಲ್ಲೂ ಮೂರಂಕಿಯ ಚೀಟಿ. ಮೊದಲ ಅಂಕಿ ಆಜ್ಞೆ, ಉಳಿದೆರಡು ಪೆಟ್ಟಿಗೆಯ ನಂಬರು: 1 ಕೂಡು, 2 ಕಳೆ, 3 ಕ್ಯಾಲ್ಕುಲೇಟರಿನಲ್ಲಿದ್ದದ್ದನ್ನು ಪೆಟ್ಟಿಗೆಯಲ್ಲಿ ಇಡು, 5 ಪೆಟ್ಟಿಗೆಯದ್ದನ್ನು ಕ್ಯಾಲ್ಕುಲೇಟರಿಗೆ ತಾ, 6 ಅಲ್ಲಿಗೆ ಹಾರು, 7 ಸೊನ್ನೆಯಿದ್ದರೆ ಹಾರು, 8 ಋಣ ಅಲ್ಲದಿದ್ದರೆ ಹಾರು. 901 ಇನ್‌ಪುಟ್, 902 ಔಟ್‌ಪುಟ್, 000 ನಿಲ್ಲು.

ಈ ಯಂತ್ರದಂತೆಯೇ ನಡೆಯುವ ಸಿಮ್ಯುಲೇಟರನ್ನು ಪೈಥಾನಿನಲ್ಲಿ ನಾನೇ ಬರೆದೆ. ನೂರು ಸೊನ್ನೆಗಳ ಪಟ್ಟಿ, ಮುಂದೆ ಯಾವ ಪೆಟ್ಟಿಗೆ ಅಂತ ಹೇಳುವ ಒಂದು ಕೌಂಟರ್, ಒಂದು ಲೂಪ್. ಚೀಟಿ ಓದು, ಕೌಂಟರಿಗೆ ಒಂದು ಸೇರಿಸು, 100ರಿಂದ ಭಾಗಿಸಿ ಆಜ್ಞೆ ತೆಗೆ. ಲೇಬಲ್‌ಗಳಿಗೆ, ಅಂದರೆ ಪೆಟ್ಟಿಗೆಗೆ ನಂಬರಿನ ಬದಲು ಕೊಟ್ಟ ಹೆಸರುಗಳಿಗೆ, ಅಸೆಂಬ್ಲರ್ (ಹೆಸರಿನಲ್ಲಿ ಬರೆದದ್ದನ್ನು ಅಂಕಿಗೆ ಇಳಿಸುವ ಭಾಗ) ಎರಡು ಸಲ ಓದಬೇಕು. ಮೊದಲ ಸಲ ವಿಳಾಸ ಗುರುತು ಹಾಕಿಕೊಳ್ಳುತ್ತದೆ, ಎರಡನೇ ಸಲ ಅಂಕಿ ತುಂಬುತ್ತದೆ. ಒಂದು ಸಂಜೆಯ ಕೆಲಸ.

ಗುಣಿಸುವ ಆಜ್ಞೆ ಈ ಯಂತ್ರಕ್ಕಿಲ್ಲ (8085ಕ್ಕೂ ಇರಲಿಲ್ಲ), ಹಾಗಾಗಿ ಮತ್ತೆ ಮತ್ತೆ ಕೂಡಬೇಕು. ಪ್ರೋಗ್ರಾಮ್ ಹೀಗಿತ್ತು (ಸಾಲಿನ ಶುರುವಿನಲ್ಲಿರುವುದು ಮೊದಲ ಪೆಟ್ಟಿಗೆಯ ನಂಬರು):

00: 901, 315, 901, 316
04: 516, 712, 217, 316
08: 514, 115, 314, 604
12: 514, 902
14: ಉತ್ತರ, 15: ಮೊದಲ ಸಂಖ್ಯೆ, 16: ಎರಡನೆಯದು, 17: 001

3 ಮತ್ತು 4 ಕೊಟ್ಟೆ, 12 ಬಂತು. 12 ಮತ್ತು 12 ಕೊಟ್ಟೆ, 144. ಖುಷಿಯಾಗಿ ಲ್ಯಾಪ್‌ಟಾಪನ್ನು ಅವಳ ಕೈಗೆ ಕೊಟ್ಟೆ. ಅವಳು 20, 30 ಒತ್ತಿದಳು. 600 ಬಂತು. ಆಮೇಲೆ ಮತ್ತೆ ಇನ್‌ಪುಟ್ ಕೇಳಿತು!

“ಮಾಮ, ಇದು ನಿಲ್ತಾನೇ ಇಲ್ಲ.”

“ಇನ್ನೊಂದು ಲೆಕ್ಕ ಕೊಡು, ನೋಡೋಣ.”

2, 3 ಕೊಟ್ಟಳು. 606 ಬಂತು. ಅದರ ಬೆನ್ನಿಗೇ, ಯಾರೂ ಏನೂ ಕೇಳದೆ, 818. ಆಮೇಲೆ ನಿಂತಿತು.

ಸಿಮ್ಯುಲೇಟರಿನಲ್ಲೇ ಏನೋ ಎಡವಟ್ಟು ಅಂತ ಅರ್ಧ ಗಂಟೆ ಅಲ್ಲೇ ಹುಡುಕಿದೆ. ಕೊನೆಗೆ ಪ್ರತಿ ಹೆಜ್ಜೆಗೂ ಕೌಂಟರನ್ನು ಪ್ರಿಂಟ್ ಮಾಡಿದೆ. 13ರ ನಂತರ 14, ಅದರ ನಂತರ 00. ಹಾಗಾದರೆ 14ರಲ್ಲಿರುವ ಉತ್ತರವನ್ನೇ ಕುಳ್ಳ ಆಜ್ಞೆ ಅಂತ ಓದಿದ್ದ. 600 ಅಂದರೆ ‘00ಕ್ಕೆ ಹಾರು’. 902 ಆದ ಮೇಲೆ 000 ಹಾಕುವುದನ್ನೇ ನಾನು ಮರೆತಿದ್ದೆ.

ಉಳಿದದ್ದು ಆಮೇಲೆ ತಾನಾಗಿ ಬಿಚ್ಚಿಕೊಂಡಿತು. ಹಳೆಯ 600 ಅಳಿಸಿರಲಿಲ್ಲ, ಅದಕ್ಕೆ 6 ಸೇರಿ 606. ಅದು ಲೂಪಿನ ನಡುವೆ, 06ಕ್ಕೆ, ಹಾರಿಸಿತು. ಕ್ಯಾಲ್ಕುಲೇಟರಿನಲ್ಲಿದ್ದ 606 ಎಣಿಕೆಯಾಗಿ, ಅಷ್ಟೂ ಸಲ 2 ಕೂಡಿ 1818 ಆಯಿತು. 999 ದಾಟಿದರೆ ಸಾವಿರ ಬಿಡುವಂತೆ ಬರೆದಿದ್ದೆ, ಹಾಗಾಗಿ 818. ಅದರ ಅರ್ಥ 18ಕ್ಕೆ ಹಾರು. ಅಲ್ಲಿ ಖಾಲಿ ಪೆಟ್ಟಿಗೆ.

ಇಷ್ಟು ದಿನ ಬಚಾವಾಗಿದ್ದೂ ಖಾಲಿ ಅಂದರೆ ‘ನಿಲ್ಲು’ ಅನ್ನುವುದರಿಂದಲೇ. 012 ಕೂಡ ಸೊನ್ನೆಯಿಂದ ಶುರುವಾಗುವುದರಿಂದ ನಿಲ್ಲುತ್ತಿತ್ತು. 144 ಬಂದಾಗ 44ನೇ ಖಾಲಿ ಪೆಟ್ಟಿಗೆಯನ್ನು ಕೂಡಿ, ಮುಂದಿನ ಪೆಟ್ಟಿಗೆಯಲ್ಲಿದ್ದ ಮೊದಲ ಸಂಖ್ಯೆ 012ರಲ್ಲಿ ನಿಂತಿತ್ತು. 8085ರಲ್ಲಿ 00 ಅಂದರೆ ಸುಮ್ಮನೆ ಮುಂದೆ ನಡಿ ಅಂತ, ನಿಲ್ಲಿಸಲು 76 ಬೇಕು. ಅಲ್ಲಿ ಮರೆತಿದ್ದರೆ ಮೊದಲ ಸಲವೇ ಮುಖಕ್ಕೆ ಹೊಡೆಯುತ್ತಿತ್ತು. ಇನ್ನೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. 4ರಿಂದ ಶುರುವಾಗುವ ಆಜ್ಞೆಯೇ ಈ ಯಂತ್ರಕ್ಕಿಲ್ಲ, ನನ್ನ ಸಿಮ್ಯುಲೇಟರ್ ಅದನ್ನು ಗಪ್‌ಚುಪ್ ದಾಟಿಬಿಡುತ್ತಿತ್ತು. ಅಲ್ಲೊಂದು ಎರರ್ ಇಟ್ಟಿದ್ದರೆ 20ನ್ನು 20ರಿಂದ ಗುಣಿಸಿದ ದಿನವೇ ಸಿಕ್ಕಿಬೀಳುತ್ತಿದ್ದೆ.

14ರಲ್ಲಿ 000 ಹಾಕಿದೆ. ಲೇಬಲ್ ಬಳಸಿದ್ದರಿಂದ ಉಳಿದ ವಿಳಾಸಗಳು ತಾವಾಗಿಯೇ ಒಂದೊಂದು ಮುಂದೆ ಸರಿದವು. ಹಳೆಯ ಪ್ರೋಗ್ರಾಮನ್ನು ಮಾತ್ರ ಅಳಿಸಬೇಡ ಅಂದಳು. ಈಗ ಅವಳ ಆಟವೇ ಅದು: ಮೊನ್ನೆ 22 ಮತ್ತು 41 ಹುಡುಕಿ ತಂದಿದ್ದಳು. 902 ಎರಡು ಸಲ ಪ್ರಿಂಟ್ ಆಗುತ್ತದೆ.