ಗ್ಯಾಸ್‌ನಲ್ಲಿ ತಣ್ಣಗಾಗದ ಫ್ರಿಜ್: ನಾನು ಹುಡುಕಿದ ಬಗೆ

ನಮ್ಮ ಮೋಟರ್‌ಹೋಮಿನ (ಮನೆಯಂತೆ ವಾಸಿಸಬಹುದಾದ ಪ್ರವಾಸದ ಗಾಡಿ) ಫ್ರಿಜ್ ಪ್ರವಾಸದ ಎರಡನೇ ದಿನವೇ ಕೈಕೊಟ್ಟಿತು. ಮೇಲಿನ ಐಸ್ ಕರಗಿ ನೀರಾಗಿತ್ತು, ಕೆಳಗಿಟ್ಟ ಹಾಲು ಒಡೆದಿತ್ತು. ಒಳಗೆ 14 ಡಿಗ್ರಿ. ಇರಬೇಕಾದದ್ದು 4ರ ಆಸುಪಾಸು. ನೋಡಲು ಬಂದ ರಿಪೇರಿಯವರು ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟರು: "ಕೂಲಿಂಗ್ ಯೂನಿಟ್ ಹೋಗಿದೆ ಸಾರ್, ಹೊಸದು ಹಾಕಿಸಿ." ಹಿಂದಿನ ಮುಚ್ಚಳ ಕೂಡ ಬಿಚ್ಚಿರಲಿಲ್ಲ. ಅಷ್ಟು ದುಡ್ಡು ಸುರಿಯುವ ಮುಂಚೆ ನಾನೇ ಒಂದು ಸಲ ನೋಡೋಣ ಅನ್ನಿಸಿತು.

ಇದು ಮನೆಯ ಫ್ರಿಜ್ ಥರ ಅಲ್ಲ. ಕಂಪ್ರೆಸರ್ ಇಲ್ಲ. ಗ್ಯಾಸಿನ ಬೆಂಕಿಯಿಂದಲೋ ಕರೆಂಟಿನ ಹೀಟರಿನಿಂದಲೋ ಓಡುತ್ತದೆ. ಮುಚ್ಚಿದ ಕೊಳವೆಗಳೊಳಗೆ (ಇದೇ ಕೂಲಿಂಗ್ ಯೂನಿಟ್) ನೀರು, ಅಮೋನಿಯಾ, ಹೈಡ್ರೋಜನ್ ಇರುತ್ತವೆ. ಕೆಳಗಿನ ಬಾಯ್ಲರ್ ಭಾಗವನ್ನು ಕಾಯಿಸಿದರೆ ಅಮೋನಿಯಾ ನೀರನ್ನು ಬಿಟ್ಟು ಆವಿಯಾಗಿ ಮೇಲೇರುತ್ತದೆ. ಹಿಂಬದಿಯ ರೆಕ್ಕೆಗಳ (ಬಿಸಿ ಹೊರಹಾಕುವ ತೆಳು ತಗಡುಗಳ) ಹತ್ತಿರ ತನ್ನ ಬಿಸಿ ಬಿಟ್ಟು ದ್ರವವಾಗುತ್ತದೆ. ಆಮೇಲೆ ಹೈಡ್ರೋಜನ್ ಇರುವ ಕೊಳವೆಗೆ ಇಳಿದು ಮತ್ತೆ ಆವಿಯಾಗುತ್ತದೆ, ಆಗ ಫ್ರಿಜ್ ಒಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ. ಕೊನೆಗೆ ನೀರೇ ಅದನ್ನು ಹೀರಿಕೊಂಡು ಮತ್ತೆ ಮೊದಲಿನಿಂದ ಶುರು. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸಾರ್ ವಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಹುಡುಕಿದ ಉಪಾಯ ಇದು. ಬೆಂಕಿ ಹಚ್ಚಿ ಐಸ್ ಮಾಡೋದು! ನನಗೆ ಇವತ್ತಿಗೂ ಸೋಜಿಗ. ಹಾಗಾಗಿ ನಾನು ಕೇಳಿಕೊಂಡದ್ದು ಎರಡೇ ಪ್ರಶ್ನೆ. ಬಿಸಿ ಸರಿಯಾಗಿ ಒಳಗೆ ಹೋಗ್ತಿದೆಯಾ? ಸರಿಯಾಗಿ ಹೊರಗೆ ಬರ್ತಿದೆಯಾ?

ಮೊದಲು ಫ್ರೀಜರಿನ ತಳದ ಮೇಲೆ ಮಟ್ಟ ನೋಡುವ ಸ್ಪಿರಿಟ್ ಲೆವೆಲ್ ಇಟ್ಟೆ. ಕೊಳವೆಯೊಳಗಿನ ದ್ರವ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಗಾಡಿ ವಾಲಿ ನಿಂತರೆ ಅದು ಅಲ್ಲಲ್ಲೇ ನಿಂತು, ಬಾಯ್ಲರ್ ಒಣಗಿ ಸುಡುತ್ತದೆ. ಹೀಗೇ ತುಂಬಾ ಹೊತ್ತು ಓಡಿಸಿದರೆ, ತುಕ್ಕು ಹಿಡಿಯದಿರಲಿ ಅಂತ ಹಾಕಿರುವ ಸೋಡಿಯಂ ಕ್ರೋಮೇಟ್ ಗಟ್ಟಿಯಾಗಿ ಕೊಳವೆಯನ್ನೇ ಕಟ್ಟಿಬಿಡಬಹುದು. ನಮ್ಮ ಗಾಡಿ ಮಟ್ಟವಾಗೇ ನಿಂತಿತ್ತು. ಹಿಂದಿನ ಮುಚ್ಚಳ ತೆಗೆದು ಮೂಸಿ ನೋಡಿದೆ. ಅಮೋನಿಯಾದ ಘಾಟು ಇರಲಿಲ್ಲ, ಕೊಳವೆಗಳ ಮೇಲೆ ಹಳದಿ ಪುಡಿಯೂ ಇರಲಿಲ್ಲ. ಇವೆರಡರಲ್ಲಿ ಒಂದು ಕಂಡಿದ್ದರೂ ಸೋರಿದೆ ಅಂತಲೇ ಅರ್ಥ, ರಿಪೇರಿಯವರು ಹೇಳಿದ್ದೇ ಸರಿ ಅಂತ ಒಪ್ಪಿಕೊಳ್ಳುತ್ತಿದ್ದೆ.

ಸಂಜೆ ಗ್ಯಾಸ್ ಬಂದ್ ಮಾಡಿ ಕರೆಂಟಿಗೆ ಹಾಕಿದೆ. ಒಳಗೆ ಒಂದು ಲೋಟ ನೀರು, ಅದರಲ್ಲಿ ಥರ್ಮಾಮೀಟರ್. ಬರೀ ಗಾಳಿಯ ಬಿಸಿ ಅಳೆದರೆ ಬಾಗಿಲು ತೆಗೆದ ಕೂಡಲೇ ಅದು ಸುಳ್ಳು ಹೇಳುತ್ತದೆ. ಈ ಫ್ರಿಜ್‌ಗೆ ಅವಸರ ಆಗಲ್ಲ, ಪೂರ್ತಿ ತಣ್ಣಗಾಗಲು ಅರ್ಧ ದಿನ ಬಿಡಲೇಬೇಕು. ಬೆಳಗ್ಗೆ ನೋಡಿದರೆ 3 ಡಿಗ್ರಿ! ಅಂದರೆ ಕೂಲಿಂಗ್ ಯೂನಿಟ್ ಬದುಕಿದೆ, ದೋಷ ಗ್ಯಾಸ್ ಕಡೆ ಇದೆ. ಉಲ್ಟಾ ಆಗಿದ್ದರೆ, ಅಂದರೆ ಗ್ಯಾಸ್‌ನಲ್ಲಿ ಸರಿ ಇದ್ದು ಕರೆಂಟಿನಲ್ಲಿ ಇಲ್ಲದಿದ್ದರೆ, ಹೀಟರಿನ ವೈರ್ ಬಿಚ್ಚಿ ಓಮ್ ಅಳೆಯಬೇಕಿತ್ತು. 120 ವೋಲ್ಟಿನ 300 ವ್ಯಾಟ್ ಹೀಟರಾದರೆ ಸುಮಾರು 48 ಬರಬೇಕು.

ಮತ್ತೆ ಗ್ಯಾಸ್ ಹಚ್ಚಿ ಬರ್ನರಿಗೆ ಕಣ್ಣಿಟ್ಟು ನೋಡಿದೆ. ನೀಲಿಯಾಗಿ ನೆಟ್ಟಗೆ ಉರಿಯಬೇಕಾದ ಜ್ವಾಲೆ ಹಳದಿಯಾಗಿ, ಸೋಮಾರಿಯಂತೆ ಒಂದು ಕಡೆ ವಾಲಿತ್ತು. ಗ್ಯಾಸ್ ಬಂದ್ ಮಾಡಿ, ಆರಲು ಬಿಟ್ಟು ಬರ್ನರ್ ಬಿಚ್ಚಿದೆ. ಅದರ ಸೀಳುಗಳ ಮೇಲೆ ಹೆಸರುಕಾಳಿನಷ್ಟು ದಪ್ಪದ ತುಕ್ಕಿನ ಚೂರುಗಳು. ಮೇಲಿನ ಹೊಗೆ ಕೊಳವೆಯಿಂದ ಉದುರಿದವು. ಗ್ಯಾಸ್ ಹೋಗುವ ದಾರಿಯಲ್ಲಿ ಜೇಡರ ಬಲೆ ಬೇರೆ! ಗ್ಯಾಸಿಗೆ ಹಾಕಿರುವ ವಾಸನೆ ಜೇಡಗಳಿಗೆ ಇಷ್ಟ ಅಂತಾರೆ, ನಿಜವೋ ಸುಳ್ಳೋ. ಹೊಗೆ ಕೊಳವೆಯಲ್ಲಿ ನೇತಾಡುವ ತಿರುಚಿದ ಪಟ್ಟಿಯನ್ನು ಎಳೆದು, ಒಳಗೆಲ್ಲ ಬ್ರಷ್ ಆಡಿಸಿದೆ. ಒಂದು ಹಿಡಿ ಕೆಂಪು ಪುಡಿ ಬಿತ್ತು. ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಜೆಟ್ಟನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಹಾಗೇ ಒಣಗಿಸಿದೆ. ಅದಕ್ಕೆ ಪಿನ್ನು, ತಂತಿ ಚುಚ್ಚಬೇಡಿ. ಕೂದಲೆಳೆಯಷ್ಟು ತೂತು ದೊಡ್ಡದಾದರೂ ಜ್ವಾಲೆ ಹಾಳು. ವಾಪಸ್ ಜೋಡಿಸಿ, ಪ್ರತಿ ಜಾಯಿಂಟಿಗೂ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತಾ ಅಂತ ನೋಡಿದೆ. ಆಮೇಲೆ ಹಚ್ಚಿದರೆ ಜ್ವಾಲೆ ನೀಲಿ, "ಬುಸ್" ಅನ್ನುವ ಸದ್ದು.

ಗೆದ್ದೆ ಅಂದುಕೊಂಡೆ. ಮಾರನೇ ದಿನ ಮಧ್ಯಾಹ್ನ ಬಿಸಿಲೇರಿದಾಗ ಲೋಟದ ನೀರು ಮತ್ತೆ 9 ಡಿಗ್ರಿ.

ಇಲ್ಲೇ ನಾನು ಎಡವಿದ್ದು. ಕರೆಂಟಿನ ಪರೀಕ್ಷೆ ಮಾಡಿದ್ದು ರಾತ್ರಿ. ರಾತ್ರಿಯ ತಂಪಿನಲ್ಲಿ ಎರಡನೇ ದೋಷ ಅಡಗಿಕೊಂಡಿತ್ತು. ಫ್ರಿಜ್ ಹಿಂದೆ ಟಾರ್ಚ್ ಬಿಟ್ಟು ನೋಡಿದೆ. ಕೆಳಗಿನ ಜಾಲರಿಯಿಂದ ಬಂದ ಗಾಳಿ ರೆಕ್ಕೆಗಳನ್ನು ಸವರಿಕೊಂಡು ಚಾವಣಿಯ ಕಿಂಡಿಯಿಂದ ಹೊರಗೆ ಹೋಗಬೇಕು. ನಮ್ಮದರಲ್ಲಿ ರೆಕ್ಕೆಗಳಿಗೂ ಗಾಡಿಯ ಗೋಡೆಗೂ ನಡುವೆ ನನ್ನ ಅಂಗೈ ಅಡ್ಡಲಾಗಿ ಹಿಡಿಸುವಷ್ಟು ಜಾಗ. ಗಾಳಿ ಸುಮ್ನೆ ಆ ಖಾಲಿ ಜಾಗದಲ್ಲೇ ಮೇಲೆ ಹೋಗ್ತಿತ್ತು, ರೆಕ್ಕೆ ಮುಟ್ಟುತ್ತಲೇ ಇರಲಿಲ್ಲ. ಈ ಸಂದು ಒಂದು ಇಂಚಿಗಿಂತ ಕಮ್ಮಿ ಇರಬೇಕು. ಅಲ್ಯೂಮಿನಿಯಂ ತಗಡು ಬಗ್ಗಿಸಿ ಗೋಡೆಗೆ ಬಡಿದು, ಗಾಳಿಯನ್ನು ರೆಕ್ಕೆಗಳ ಕಡೆ ತಿರುಗಿಸಿದೆ. ಹೊಗೆ ಕೊಳವೆಯ ಬಾಯಿಗೆ ಮಾತ್ರ ಏನೂ ಅಡ್ಡ ಇಡಲಿಲ್ಲ. ಮೇಲ್ಗಡೆ 12 ವೋಲ್ಟಿನ ಒಂದು ಕಂಪ್ಯೂಟರ್ ಫ್ಯಾನನ್ನೂ ಕೂರಿಸಿದೆ, ಬಿಸಿಗಾಳಿಯನ್ನು ಮೇಲಕ್ಕೆ ತಳ್ಳುವ ಹಾಗೆ. ಬರ್ನರಿನ ಹತ್ತಿರ ಫ್ಯಾನ್ ಬೇಡ, ಜ್ವಾಲೆ ಆರಿಹೋದೀತು.

ಬಾಗಿಲಿನ ರಬ್ಬರಿಗೂ ಒಂದು ಪರೀಕ್ಷೆ ಮಾಡಿದೆ. ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯೋದು, ಅಷ್ಟೇ. ಕೆಳಗಿನ ಮೂಲೆಯಲ್ಲಿ ಮಾತ್ರ ಸಲೀಸಾಗಿ ಬಂತು. ಬಿಸಿನೀರಿನ ಬಟ್ಟೆಯಿಂದ ಒರೆಸಿ ಮೆತ್ತಗೆ ಮಾಡಿ ಒತ್ತಿದ ಮೇಲೆ ಅಲ್ಲೂ ಹಿಡಿಯಿತು.

ಆ ವಾರದ ಅತಿ ಬಿಸಿಯ ಮಧ್ಯಾಹ್ನದಲ್ಲೂ ಲೋಟದ ನೀರು 5 ದಾಟಲಿಲ್ಲ. ಮೊದಲ ದಿನವೇ ಗಾಬರಿಯಾಗಿ ತರಿಸಿದ್ದ ಥರ್ಮಿಸ್ಟರ್ (ಫ್ರಿಜ್ ಒಳಗಿನ ಬಿಸಿ ಅಳೆಯುವ ಸೆನ್ಸರ್) ಇನ್ನೂ ಕವರಿನಲ್ಲೇ ಇದೆ. ಹಳೆಯದಕ್ಕೆ ಏನೂ ಆಗಿರಲಿಲ್ಲ.