ಹಳೆಯ ಬೋರ್ಡ್ ಆಟಗಳನ್ನು ಉಳಿಸಿಕೊಳ್ಳಿ

ಬಾಲ್ಯದ ಲೂಡೋ, ಸ್ಕ್ರ್ಯಾಬಲ್ ಡಬ್ಬಿಗಳು ಇನ್ನೂ ಅಟ್ಟದಲ್ಲಿದ್ದರೆ ದಯವಿಟ್ಟು ಕೆಳಗಿಳಿಸಿ. ಅಲ್ಲಿನ ಸೆಕೆ, ತೇವಕ್ಕೆ ರಟ್ಟು ಸೊಟ್ಟಗಾಗುತ್ತದೆ. ಕಾರ್ಡುಗಳಿಗೆ ಸುತ್ತಿದ ರಬ್ಬರ್ ಬ್ಯಾಂಡನ್ನು ಇವತ್ತೇ ಬಿಚ್ಚಿ. ಹಳತಾದಂತೆ ಅದು ಕರಗಿ ಅಂಟಿಕೊಳ್ಳುತ್ತದೆ, ಕಿತ್ತರೆ ಬಣ್ಣವೂ ಜೊತೆಗೇ ಬರುತ್ತದೆ. ಹರಿದ ಕಡೆ ಸೆಲೋಟೇಪ್ ಬೇಡವೇ ಬೇಡ. ಅದರ ಹಳದಿ ಕಲೆ ಹೋಗುವುದಿಲ್ಲ. ತೆಳು ಕಾಗದದ ಪಟ್ಟಿಗೆ ಮೈದಾ ಅಂಟು ಸವರಿ ಹಿಂಬದಿಗೆ ಹಚ್ಚಿ, ಚೆನ್ನಾಗಿ ಒಣಗುವವರೆಗೆ ಭಾರ ಹೇರಿ. ಮುಗ್ಗಲು ವಾಸನೆಯಿದ್ದರೆ ನೆರಳಲ್ಲೇ ಗಾಳಿಗಿಡಿ, ಬಿಸಿಲಿಗೆ ಬಣ್ಣ ಮಾಸುತ್ತದೆ.

ಆಮೇಲೆ ಎಣಿಸಿ: ಲೂಡೋಗೆ 16 ಕಾಯಿ, ಇಂಗ್ಲಿಷ್ ಸ್ಕ್ರ್ಯಾಬಲ್‌ಗೆ 2 ಖಾಲಿ ಬಿಲ್ಲೆ ಸೇರಿ 100. ಕಳೆದುಹೋದ ಕಾಯಿಗೆ ಅಂಗಿಯ ಗುಂಡಿ ಸಾಕು. ನಿಯಮದ ಹಾಳೆಯ ಫೋಟೋ ತೆಗೆದಿಡಿ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ಹಳೆಯ ಅಂಕಗಳಿದ್ದರೆ ಅಳಿಸಬೇಡಿ. ನನ್ನ ಮಟ್ಟಿಗೆ ಆಟಕ್ಕಿಂತ ಅವೇ ಅಮೂಲ್ಯ.