ಅಡಿಕೆ ಲೆಕ್ಕದ ಲೈಬ್ರರಿಯನ್ನು ಮೇವನ್ ಸೆಂಟ್ರಲ್‌ಗೆ ಹಾಕಿದ್ದು

ಶಿವಮೊಗ್ಗದ ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲಕ್ಕೂ ಬೇರೆ ಬೇರೆ ದರ. ಕ್ವಿಂಟಾಲ್ ಲೆಕ್ಕ ಹಾಕಬೇಕು, ಚೀಲದ ತೂಕ ಕಳೆಯಬೇಕು, ಕೊನೆಗೆ ಮೊತ್ತವನ್ನು ಕನ್ನಡ ಅಕ್ಷರದಲ್ಲಿ ಬರೆಯಬೇಕು. ಇದಿಷ್ಟೂ ಒಂದು ಚಿಕ್ಕ ಜಾವಾ ಲೈಬ್ರರಿಯಲ್ಲಿದೆ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್). ತೀರ್ಥಹಳ್ಳಿಯ ಗೆಳೆಯನೊಬ್ಬನೂ ಅದನ್ನೇ ಬಳಸುತ್ತಾನೆ. ಅವನಿಗೆ ಅದರ ಜಾರ್ ಫೈಲನ್ನು (ಕಂಪೈಲ್ ಆದ ಕೋಡಿನ ಕಟ್ಟು) ವಾಟ್ಸಾಪ್‌ನಲ್ಲಿ ಕಳಿಸುವುದು, ಅವನು "ಮಾರಾಯ, ಇದು ಹೊಸದಾ ಹಳೇದಾ?" ಅಂತ ಕೇಳುವುದು ನಡೆದೇ ಇತ್ತು. ಒಂದು ಕಡೆ ಪ್ರಕಟಿಸಿಬಿಟ್ಟರೆ ಇಬ್ಬರಿಗೂ ಸುಲಭ ಅಲ್ವಾ ಅಂತ ಜಾವಾ ಲೈಬ್ರರಿಗಳ ಸಾರ್ವಜನಿಕ ಭಂಡಾರವಾದ ಮೇವನ್ ಸೆಂಟ್ರಲ್‌ಗೆ ಹಾಕುವ ಕೆಲಸಕ್ಕೆ ಇಳಿದೆ.

ಬಿಲ್ಡ್, ಅಂದರೆ ಕೋಡನ್ನು ಜಾರ್ ಆಗಿ ಕಟ್ಟುವ ಕೆಲಸ, ಆಗುವುದು ಗ್ರೇಡಲ್ ಎಂಬ ಸಾಧನದಲ್ಲಿ. ಪ್ರಕಟಣೆಗೆ ಅದರಲ್ಲೇ ಬರುವ 'ಮೇವನ್-ಪಬ್ಲಿಷ್' ಪ್ಲಗಿನ್ ಸಾಕು. ಹುಡುಕಿದರೆ ಬರೀ 'ಮೇವನ್' ಅಂತ ಇರುವ ಪ್ಲಗಿನ್ ಬಗ್ಗೆಯೂ ಬೇಕಾದಷ್ಟು ಬರಹ ಸಿಗುತ್ತದೆ. ಗ್ರೇಡಲ್ 7ರಲ್ಲಿ ಅದನ್ನು ತೆಗೆದುಹಾಕಿದ್ದಾರೆ, ಅದನ್ನು ಓದುತ್ತಾ ಕೂರಬೇಡಿ.

ಬಿಲ್ಡ್ ಫೈಲಿನ ಪಬ್ಲಿಷಿಂಗ್ ಬ್ಲಾಕ್‌ನಲ್ಲಿ ಹೇಳಬೇಕಾದ್ದು ಎರಡೇ: ಏನನ್ನು ಕಳಿಸಬೇಕು, ಎಲ್ಲಿಗೆ ಕಳಿಸಬೇಕು. 'ಏನು' ಅನ್ನುವುದಕ್ಕೆ ಜಾವಾ ಕಾಂಪೊನೆಂಟ್ ಅಂತ ಕೊಟ್ಟೆ. 'ಎಲ್ಲಿಗೆ' ಅನ್ನುವ ಜಾಗದಲ್ಲಿ ಸೆಂಟ್ರಲ್‌ನ ವಿಳಾಸ ಹಾಕದೆ, ಬಿಲ್ಡ್ ಫೋಲ್ಡರಿನೊಳಗೆ 'ರೆಪೊ' ಅನ್ನುವ ಒಂದು ಡೈರೆಕ್ಟರಿ ಕೊಟ್ಟೆ. ಗ್ರೇಡಲ್‌ಗೆ ಅದೂ ಒಂದು ರೆಪಾಸಿಟರಿಯೇ (ಲೈಬ್ರರಿಗಳನ್ನು ಇಡುವ ಜಾಗ). ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಸೆಂಟ್ರಲ್‌ಗೆ ಒಮ್ಮೆ ಹೋದ ವರ್ಷನ್ನನ್ನು ಅಳಿಸಲು ಆಗುವುದಿಲ್ಲ, ಬದಲಿಸಲೂ ಆಗುವುದಿಲ್ಲ. ಹೀಗಿರುವಾಗ ಏನು ಹೋಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ನೆಟ್ಟೂ ಹೋಗುತ್ತದೆ. ಬೇಕಾದ ಲೈಬ್ರರಿಗಳು ಒಮ್ಮೆ ಇಳಿದಿದ್ದರೆ 'ಆಫ್‌ಲೈನ್' ಆಯ್ಕೆ ಹಾಕಿ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಈ ತಾಲೀಮು ನಡೆಸಬಹುದು.

'ಪಬ್ಲಿಷ್' ಟಾಸ್ಕ್ ಓಡಿಸಿ ಆ ಡೈರೆಕ್ಟರಿ ತೆರೆದೆ. ಜಾರ್, ಲೈಬ್ರರಿಯ ವಿವರ ಇರುವ ಪೋಮ್ ಫೈಲ್, ಜೊತೆಗೆ ಫೈಲ್ ಕೆಟ್ಟಿಲ್ಲ ಅಂತ ತಾಳೆ ನೋಡುವ ಚೆಕ್‌ಸಮ್‌ಗಳು. ನಿಧಾನವಾಗಿ ಓದಬೇಕಾದ್ದು ಪೋಮ್. ಪ್ಯಾಕೇಜಿನ ಹೆಸರು ಎಲ್ಲಿಂದ ಬಂತು ನೋಡಿ: ಸೆಟ್ಟಿಂಗ್ಸ್ ಫೈಲಿನಲ್ಲಿ ರೂಟ್ ಪ್ರಾಜೆಕ್ಟಿನ ಹೆಸರು ಕೊಡದಿದ್ದರೆ ಫೋಲ್ಡರಿನ ಹೆಸರೇ ಲೋಕಕ್ಕೆಲ್ಲ ಹೋಗುತ್ತದೆ. ಆಮೇಲೆ ಡಿಪೆಂಡೆನ್ಸಿಗಳ (ನಮ್ಮ ಕೋಡಿಗೆ ಬೇಕಾದ ಬೇರೆ ಲೈಬ್ರರಿಗಳ) ಸ್ಕೋಪ್, ಅಂದರೆ ಅವು ಯಾವ ಹಂತದಲ್ಲಿ ಬೇಕು ಅನ್ನುವುದು. ಹಣದ ಲೆಕ್ಕಕ್ಕೆ ನಾನು ಬಳಸಿದ ಇನ್ನೊಂದು ಲೈಬ್ರರಿಯ ಟೈಪ್ ನನ್ನ ಮೆಥಡ್‌ಗಳಿಂದ ಹೊರಗೆ ಬರುತ್ತದೆ. ಅದನ್ನು 'ಇಂಪ್ಲಿಮೆಂಟೇಶನ್' ಅಂತ ಹಾಕಿದರೆ ಪೋಮ್‌ನಲ್ಲಿ 'ರನ್‌ಟೈಮ್' ಆಗುತ್ತದೆ, ಬಳಸುವವರ ಕೋಡ್ ಕಂಪೈಲ್ ಆಗುವುದಿಲ್ಲ. 'ಎಪಿಐ' ಅಂತ ಹಾಕಿದರೆ 'ಕಂಪೈಲ್' ಆಗುತ್ತದೆ. ಅದಕ್ಕೆ 'ಜಾವಾ-ಲೈಬ್ರರಿ' ಪ್ಲಗಿನ್ ಬೇಕು.

ಮೂಲ ಕೋಡ್ ಇರುವ ಸೋರ್ಸ್ ಜಾರ್ ಮತ್ತು ಕೋಡಿನ ವಿವರಣೆ ಇರುವ ಜಾವಾಡಾಕ್ ಜಾರ್ ಎರಡನ್ನೂ ಸೆಂಟ್ರಲ್ ಕೇಳುತ್ತದೆ. ಬಿಲ್ಡ್ ಫೈಲಿನಲ್ಲಿ ಒಂದೊಂದು ಸಾಲಿನ ಕೆಲಸ. ಆದರೆ ಸೋರ್ಸ್ ಜಾರನ್ನು ಬಿಚ್ಚಿ ನೋಡದೆ ಕಳಿಸಬೇಡಿ. ರಿಸೋರ್ಸಸ್ ಫೋಲ್ಡರಿನಲ್ಲಿರುವ ಫೈಲುಗಳೂ ಅದರೊಳಗೆ ಹೋಗುತ್ತವೆ. ಮಂಡಿಯ ದರಪಟ್ಟಿಯೋ ಬೆಳೆಗಾರರ ಫೋನ್ ನಂಬರೋ ಅಲ್ಲಿದ್ದರೆ ಅದು ಶಾಶ್ವತವಾಗಿ ಎಲ್ಲರದ್ದಾಗುತ್ತದೆ. ನಾನು ಮಾದರಿ ಬಿಲ್‌ಗಳನ್ನೆಲ್ಲ ಟೆಸ್ಟ್ ಫೋಲ್ಡರಿಗೆ ಸಾಗಿಸಿದೆ. ಆ ಫೋಲ್ಡರ್ ಜಾರ್‌ಗೆ ಸೇರುವುದಿಲ್ಲ.

ಕನ್ನಡ ಬರೆಯುವವರಿಗೆ ಇನ್ನೊಂದು ಮಾತು. 'ಒಂದು ಲಕ್ಷದ ಇಪ್ಪತ್ತು ಸಾವಿರ' ಅನ್ನುವಂಥ ಪದಗಳು ನನ್ನ ಕೋಡಿನೊಳಗೇ ಇವೆ, ಕಾಮೆಂಟುಗಳೂ ಕನ್ನಡದಲ್ಲೇ. ಜಾವಾ 18ರಿಂದ ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಉಳಿಸುವ ಎನ್‌ಕೋಡಿಂಗ್) ತಾನಾಗಿಯೇ ಸಿಗುತ್ತದೆ. ಅದಕ್ಕಿಂತ ಹಳೆಯ ಜಾವಾ ವಿಂಡೋಸ್ ಮೇಲೆ ಓಡುತ್ತಿದ್ದರೆ ಕನ್ನಡವೆಲ್ಲ ಕಲಸಿಹೋಗುತ್ತದೆ. ಹಾಗಾಗಿ ಕಂಪೈಲ್ ಟಾಸ್ಕಿಗೂ ಜಾವಾಡಾಕ್ ಟಾಸ್ಕಿಗೂ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬಿಲ್ಡ್ ಫೈಲಿನಲ್ಲೇ ಬರೆದಿಟ್ಟಿದ್ದೇನೆ.

ಇಲ್ಲಿಂದ ಮುಂದೆ ಕೋಡಿಗಿಂತ ಗುರುತಿನ ಕೆಲಸವೇ ಜಾಸ್ತಿ. ಲೈಬ್ರರಿಯ ಹೆಸರಿನ ಮುಂದೆ ಬರುವ ಗ್ರೂಪ್ ಐಡಿ ಸುಮ್ನೆ ಇಟ್ಟುಕೊಳ್ಳುವ ಹೆಸರಲ್ಲ, ಅದು ನಮ್ಮದೇ ಅಂತ ತೋರಿಸಬೇಕು. ಸ್ವಂತ ಡೊಮೈನ್ ಇದ್ದರೆ ಅದರ ಡಿಎನ್‌ಎಸ್‌ನಲ್ಲಿ (ಡೊಮೈನಿನ ವಿಳಾಸದ ದಾಖಲೆ) ಒಂದು ಟೆಕ್ಸ್ಟ್ ರೆಕಾರ್ಡ್ ಸೇರಿಸಬೇಕು. ಗಿಟ್‌ಹಬ್ ಖಾತೆಯಿಂದ ಸೆಂಟ್ರಲ್‌ನ ಪೋರ್ಟಲ್‌ಗೆ (ಅಪ್‌ಲೋಡ್ ಮಾಡುವ ಜಾಲತಾಣ) ಲಾಗಿನ್ ಆದರೆ 'ಐಒ ಡಾಟ್ ಗಿಟ್‌ಹಬ್ ಡಾಟ್ ನಮ್ಮ ಹೆಸರು' ತಾನಾಗಿಯೇ ಸಿಗುತ್ತದೆ. ಡೊಮೈನಿಗೆ ವರ್ಷ ವರ್ಷ ದುಡ್ಡು ಕಟ್ಟುವ ಉಸಾಬರಿ ಬೇಡ ಅಂತ ನಾನು ಇದನ್ನೇ ಆರಿಸಿಕೊಂಡೆ.

ಪೋಮ್‌ಗೆ ಹೆಸರು, ವಿವರಣೆ, ಪ್ರಾಜೆಕ್ಟಿನ ವಿಳಾಸ, ಲೈಸೆನ್ಸ್, ಬರೆದವರು, ಕೋಡ್ ಇರುವ ಜಾಗ ಇವಿಷ್ಟೂ ಬೇಕು. ಆಮೇಲೆ ಸಹಿ. ಡಿಜಿಟಲ್ ಸಹಿ ಹಾಕುವ ಜಿಪಿಜಿಯಲ್ಲಿ ಕೀ ಜೋಡಿ ಮಾಡಿ, ಸಹಿ ತಾಳೆ ನೋಡುವವರಿಗೆ ಸಿಗಲಿ ಅಂತ ಪಬ್ಲಿಕ್ ಕೀಯನ್ನು ಉಬುಂಟುವಿನ ಕೀಸರ್ವರ್‌ಗೆ ಕಳಿಸಿದೆ. ಪ್ರೈವೇಟ್ ಕೀಯ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಬೀರುವಿನೊಳಗಿದೆ. 'ಸೈನಿಂಗ್' ಪ್ಲಗಿನ್ ಸೇರಿಸಿದರೆ ಪ್ರತಿ ಫೈಲಿನ ಪಕ್ಕ ಒಂದು ಸಹಿ ಫೈಲ್ ಬಂದು ಕೂರುತ್ತದೆ. ಕೀಯ ಪಾಸ್‌ವರ್ಡ್ ಪ್ರಾಜೆಕ್ಟಿನೊಳಗೆ ಇರಲೇಬಾರದು. ಹೋಮ್ ಡೈರೆಕ್ಟರಿಯ ಗ್ರೇಡಲ್ ಪ್ರಾಪರ್ಟೀಸ್ ಫೈಲಿನಲ್ಲಿಟ್ಟರೆ ಗಿಟ್‌ಗೆ ಹೋಗುವ ಭಯವಿಲ್ಲ.

ಕಳಿಸುವುದು ಹೇಗೆ ಅನ್ನುವಲ್ಲಿ ಗೊಂದಲ ಜಾಸ್ತಿ. ಬಹಳ ಕಾಲದಿಂದ ಎಲ್ಲರೂ ಬಳಸುತ್ತಿದ್ದ ಒಎಸ್‌ಎಸ್‌ಆರ್‌ಎಚ್ ಎಂಬ ದಾರಿಯನ್ನು ಸೆಂಟ್ರಲ್ ನಡೆಸುವ ಸೋನಾಟೈಪ್ ಕಂಪನಿ 2025ರ ಜೂನ್ 30ಕ್ಕೆ ಮುಚ್ಚಿತು. ಈಗಿರುವುದು ಸೆಂಟ್ರಲ್ ಪೋರ್ಟಲ್. ಅದಕ್ಕೆ ಬೇರೆಯವರು ಬರೆದ ಗ್ರೇಡಲ್ ಪ್ಲಗಿನ್‌ಗಳಿವೆ, ಚೆನ್ನಾಗಿಯೂ ಇವೆ. ವಾರಕ್ಕೊಂದು ಬಿಡುಗಡೆ ಮಾಡುವವರು ಅವನ್ನೇ ಹಾಕಿಕೊಳ್ಳಲಿ. ನನ್ನದು ಅಪರೂಪಕ್ಕೊಮ್ಮೆ. ಹಾಗಾಗಿ ಆ 'ರೆಪೊ' ಡೈರೆಕ್ಟರಿಯನ್ನೇ ಜಿಪ್ ಮಾಡುವ ಒಂದು ಟಾಸ್ಕ್ ಬರೆದು, ಪೋರ್ಟಲ್‌ನಲ್ಲಿ ಕೈಯಾರೆ ಅಪ್‌ಲೋಡ್ ಮಾಡುತ್ತೇನೆ. ಅದರಲ್ಲಿರುವ ಮೇವನ್ ಮೆಟಾಡೇಟಾ ಫೈಲ್ ಈ ಜಿಪ್‌ಗೆ ಬೇಕಿಲ್ಲ, ಬಿಟ್ಟುಬಿಡುತ್ತೇನೆ. ಪೋರ್ಟಲ್ ಎಲ್ಲವನ್ನೂ ಪರೀಕ್ಷಿಸಿ, ಸಹಿ ಇಲ್ಲದಿದ್ದರೆ, ಲೈಸೆನ್ಸ್ ಇಲ್ಲದಿದ್ದರೆ ಹೇಳುತ್ತದೆ. ಎಲ್ಲ ಸರಿಯಿದ್ದರೂ ಪಬ್ಲಿಷ್ ಬಟನ್ ನಾನೇ ಒತ್ತಬೇಕು. ಒತ್ತುವ ತನಕ ಅದನ್ನು ಬಿಸಾಡಬಹುದು. ಈ ಒಂದು ಕಾರಣಕ್ಕೇ ನನಗೆ ಕೈಯಾರೆ ಮಾಡುವ ದಾರಿ ಇಷ್ಟ.

ಮುಂದಿನ ವರ್ಷನ್‌ಗಳಿಗೆ ಹೊಸ ಕೆಲಸವೇನಿಲ್ಲ. ವರ್ಷನ್ ನಂಬರ್ ಬದಲಿಸಿ, ಪಬ್ಲಿಷ್, ಆಮೇಲೆ ಜಿಪ್. ಅದಕ್ಕೂ ಮೊದಲು 'ಕ್ಲೀನ್' ಓಡಿಸುವುದು ಕಡ್ಡಾಯ. ಇಲ್ಲವಾದರೆ ಹಳೆಯ ವರ್ಷನ್ನಿನ ಫೈಲುಗಳೂ ಅದೇ ಡೈರೆಕ್ಟರಿಯಲ್ಲಿ ಉಳಿದು ಜಿಪ್‌ನೊಳಗೆ ಸೇರುತ್ತವೆ, ಆಗಲೇ ಪ್ರಕಟವಾದ ವರ್ಷನ್ನನ್ನು ಪೋರ್ಟಲ್ ಇನ್ನೊಮ್ಮೆ ತೆಗೆದುಕೊಳ್ಳುವುದಿಲ್ಲ.